ಕರೆಯದೆ ಬಂದ ವಕೀಲರು

1974ರ ಬೇಸಿಗೆ. ನನ್ನ ತಮ್ಮ ತಿಪ್ಪೇಶ ಚಿತ್ರದುರ್ಗದ ಜೈಲಿನಲ್ಲಿದ್ದ. ಕುರಿ ಮೇಯಿಸುವ ಜಾಗಕ್ಕಾಗಿ ನಡೆದ ಹೊಡೆದಾಟದಲ್ಲಿ ಇವನ ಕೋಲಿನ ಏಟಿಗೆ ಒಬ್ಬನ ಕೈ ಮುರಿದಿತ್ತು. ವಿಚಾರಣೆ ಮುಗಿಯುವವರೆಗೆ ಒಂದು ವರ್ಷ ಒಳಗೇ ಇದ್ದ. ಆಮೇಲೆ, ಹಿಂದಿನ ಬೇಸಿಗೆಯಲ್ಲಿ, ಎರಡು ವರ್ಷ ಶಿಕ್ಷೆಯಾಗಿತ್ತು.

ಒಂದು ದಿನ ಶ್ರೀರಾಂಪುರದಲ್ಲಿ ಬಸ್ಸಿಳಿದು ಒಬ್ಬ ವಕೀಲರು ನಮ್ಮ ಹಟ್ಟಿ ಹುಡುಕಿಕೊಂಡು ಬಂದರು. ಜೈಲಿನಲ್ಲಿ ತಮ್ಮನನ್ನು ಕಂಡಿದ್ದರಂತೆ.

"ಹೊಸ ಕಾನೂನು ಬಂದೈತೆ. ತೀರ್ಪಿಗೆ ಮುಂಚೆ ಒಳಗಿದ್ದ ವರ್ಷಾನೂ ಶಿಕ್ಷೇಲಿ ಕಳೀಬೇಕು. ಅರ್ಜಿ ಹಾಕಿದ್ರೆ ಬಿಡಬಹುದು. ಅಪ್ಪ ಹೂಂ ಅಂದ್ರೆ ಮಾತ್ರ ಹಾಕ್ರಿ ಅಂದಾನೆ ನಿಮ್ಮ ಹುಡುಗ" ಎಂದರು. ಫೀಸೂ ಬೇಡವೆಂದರು. ಅಲ್ಲಿಗೆ ಅಪ್ಪನ ಅನುಮಾನ ಗಟ್ಟಿಯಾಯಿತು.

"ಪುಕ್ಕಟೆ ಬರೋನು ಎದುರು ಪಾರ್ಟಿಯೋನೇ. ಕೇಸು ಕೆದಕಿಸಿ ಇನ್ನೆರಡು ವರ್ಷ ಹಾಕಿಸ್ತಾನೆ" ಎಂದರು ಅಪ್ಪ, ವಕೀಲರು ಹೋದ ಮೇಲೆ. ನನಗೂ ಹಾಗೇ ಅನಿಸಿತ್ತು. ನಮ್ಮಂಥವರ ಶಿಕ್ಷೆಯನ್ನು ಕಾನೂನು ಕಡಿಮೆ ಮಾಡಿದ್ದನ್ನು ಯಾರು ಕಂಡಿದ್ದರು? ಎರಡನೇ ಸಲ ಬಂದಾಗ ಅಪ್ಪ ಅವರಿಗೆ ನೀರೂ ಕೊಡಗೊಡಲಿಲ್ಲ.

ದಸರಾ ಕಳೆದ ಮೇಲೆ ಆ ಪುಣ್ಯಾತ್ಮ ಮತ್ತೆ ಬಂದರು. ಅಪ್ಪ ಒಳಗಿನಿಂದ ಕರಿಕಂಬಳಿ ತಂದು ಹಾಸಿದರು. ನಮ್ಮಲ್ಲಿ ಅದು ದೇವರ ಗದ್ದುಗೆ, ಅದನ್ನು ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ.

"ಚಪ್ಪಲಿ ಬಿಟ್ಟು ಇದನ್ನ ಮುಟ್ಟಿ ಹೇಳ್ರಿ, ಶಿಕ್ಷೆ ಜಾಸ್ತಿ ಆಗಲ್ಲ ಅಂತ."

ವಕೀಲರು ಬಗ್ಗಿ ಮುಟ್ಟಿದರು. "ಈ ಅರ್ಜಿಯಿಂದ ಜಾಸ್ತಿ ಆಗಲ್ಲ. ಆದ್ರೆ ಬಿಟ್ಟೇ ಬಿಡ್ತಾರೆ ಅಂತ ಆಣೆ ಮಾಡಲ್ಲ."

ಆ ಎರಡನೇ ಮಾತು ಕೇಳಿಯೇ ಅಪ್ಪ ಒಪ್ಪಿದ್ದು.

ಕೋರ್ಟಿನಲ್ಲಿ ಸರ್ಕಾರಿ ವಕೀಲರು, ಹೊಸ ಕಾನೂನಿಗೆ ಮುಂಚೆಯೇ ಶಿಕ್ಷೆಯಾದವನಿಗೆ ಇದು ಸಲ್ಲದು ಎಂದು ವಾದಿಸಿದರು. ಅಪ್ಪ ನನ್ನ ಕಡೆ ತಿರುಗಿ, "ನೋಡ್ದಾ" ಎಂದರು. ಆದರೆ ಜಡ್ಜ್ ಒಪ್ಪಲಿಲ್ಲ. "ಶಿಕ್ಷೆಯಾದವನಿಗೆ ಎಂದಷ್ಟೇ ಕಾನೂನು ಹೇಳುತ್ತದೆ. ಯಾವಾಗ ಆಯಿತೆಂದು ಕೇಳುವುದಿಲ್ಲ. ಅದರಲ್ಲಿಲ್ಲದ ಷರತ್ತನ್ನು ನಾನು ಸೇರಿಸಲಾರೆ. ಇವನ ಶಿಕ್ಷೆ ಬೇಸಿಗೆಯಲ್ಲೇ ಮುಗಿದಿದೆ, ಬಿಡಿ" ಎಂದರು.

ನಾನು ಅತ್ತುಬಿಟ್ಟೆ. ಹೊರಗೆ ಬಂದ ಅಪ್ಪ ವಕೀಲರನ್ನು ಕೇಳಿದರು, "ಹಂಗಾದ್ರೆ ಬ್ಯಾಸಿಗೆಯಿಂದ ನನ್ನ ಮಗನ್ನ ಒಳಗಿಟ್ಟೋನು ನಾನಾ ಸ್ವಾಮಿ?"



ಕರೆಯದೆ ಬಂದವರನ್ನು ನಾನು ಇಂದಿಗೂ ಅನುಮಾನದಿಂದಲೇ ನೋಡುತ್ತೇನೆ, ಆ ಗುಣ ಹೋಗಿಲ್ಲ. ಆದರೂ ಕೂರಿಸಿ, ಪೂರ್ತಿ ಕೇಳದೆ ಕಳಿಸುವುದಿಲ್ಲ. ಅಂದು ಜೈಲಿನ ಬಾಗಿಲಲ್ಲಿ ತಿಪ್ಪೇಶ ಕಾಲು ಮುಟ್ಟಲು ಬಗ್ಗಿದಾಗ ಅಪ್ಪ ಕಾಲು ಹಿಂದಕ್ಕೆ ಎಳೆದುಕೊಂಡಿದ್ದರು.