ಅಂತರಿಕ್ಷ ನೌಕೆಗೆ ಕ್ಯಾಪ್ಟನ್ ಬೇಕಾಗಿದ್ದಾರೆ

ಅನ್ಯಗ್ರಹದ ಜೀವಿಗಳು ತೆಲುಗು ಮಾತಾಡುತ್ತವೆ ಎಂಬುದು ನನ್ನ ಹನ್ನೆರಡನೆಯ ವಯಸ್ಸಿನವರೆಗೂ ನನ್ನ ದೃಢವಾದ ವೈಜ್ಞಾನಿಕ ನಂಬಿಕೆಯಾಗಿತ್ತು. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ಆಂಧ್ರದ ಗಡಿಗೆ ಹತ್ತಿರವಾದ ನಮ್ಮ ಚಿಂತಾಮಣಿಯ ಟಾಕೀಸಿಗೆ ಪರದೇಶದ ಅಂತರಿಕ್ಷ ಚಿತ್ರಗಳೆಲ್ಲ ತೆಲುಗಿಗೆ ಡಬ್ಬಾಗಿಯೇ ಬರುತ್ತಿದ್ದವು. ಕೋಟ್ಯಂತರ ಮೈಲಿಗಳ ಕತ್ತಲನ್ನು ಸೀಳಿಕೊಂಡು ಬಂದ ಆರು ಕಣ್ಣಿನ ಜೀವಿಯೊಂದು ಬಾಯಿ ತೆರೆದು, ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಯ ಧಾಟಿಯಲ್ಲೇ "ಎವರು ನುವ್ವು?", ಅಂದರೆ ಯಾರು ನೀನು, ಎಂದು ಗದರಿಸಿದಾಗ, ಇಡೀ ವಿಶ್ವವೇ ಒಂದು ಕುಟುಂಬವೆಂಬ ಉದಾತ್ತ ಭಾವನೆ ನನ್ನಲ್ಲಿ ತಾನಾಗಿಯೇ ಮೂಡುತ್ತಿತ್ತು.

ಆ ಕುಟುಂಬದ ಯಜಮಾನಿಕೆ ಯಾರದು ಎಂಬ ಪ್ರಶ್ನೆ ಮಾತ್ರ ಐವತ್ತು ದಾಟುವವರೆಗೆ ನನ್ನ ತಲೆಗೆ ಹೊಳೆಯಲಿಲ್ಲ. ನೌಕೆಯ ಕ್ಯಾಪ್ಟನ್ ಎಂದರೆ ಎತ್ತರದ ನಿಲುವಿನ, ಬೆಳ್ಳಗಿನ ಮೈಯ, ಚೌಕಾದ ಗದ್ದದ ಗಂಡಸು. ಅವನ ಪಕ್ಕದಲ್ಲಿ ಅಪಾಯ ಬಂದಾಗ ಚೀರುವುದಕ್ಕೆಂದು ಒಬ್ಬಳು ಸುಂದರಿ. ಹಿಂದುಗಡೆ ಎಲ್ಲೋ ಒಬ್ಬ ಕಪ್ಪು ಮೈಬಣ್ಣದ ನಿಷ್ಠಾವಂತ. ಸೂರ್ಯ ಪೂರ್ವದಲ್ಲಿ ಹುಟ್ಟುವಷ್ಟೇ ಸಹಜವಾಗಿ ಇದನ್ನು ಒಪ್ಪಿಕೊಂಡಿದ್ದ ನಾನು, ಓದುಗ ಮಿತ್ರರೇ, ವೃತ್ತಿಯಿಂದ ವಿಜ್ಞಾನದ ಮೇಷ್ಟ್ರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬೇಡಿ ಎಂದು ಮಕ್ಕಳಿಗೆ ಬೋಧಿಸಿ ಸಂಬಳ ಪಡೆಯುವವನು.

ನನ್ನ ಶಾಲೆ ಇರುವುದು ಚಿಕ್ಕಬಳ್ಳಾಪುರದಲ್ಲಿ, ಮನೆ ಚಿಂತಾಮಣಿಯಲ್ಲಿ. ದಿನವೂ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕೂರುವವರು ಶೇಷಗಿರಿ. ಸರ್ಕಾರಿ ಕಚೇರಿಯೊಂದರ ಗುಮಾಸ್ತರು, ನನ್ನಂತೆಯೇ ಅಂತರಿಕ್ಷ ಚಿತ್ರಗಳ ಹುಚ್ಚು ಹಿಡಿದವರು. ಆರಡಿ ಎತ್ತರ, ಗೋಧಿಬಣ್ಣಕ್ಕೂ ಒಂದು ಮೆಟ್ಟಿಲು ಮೇಲಿನ ಬಣ್ಣ, ಗಂಭೀರವಾದ ಕಂಠ. ಕಡತಗಳ ನಡುವೆ ವ್ಯರ್ಥವಾಗುತ್ತಿರುವ ಒಬ್ಬ ಕ್ಯಾಪ್ಟನ್ ತಾವು ಎಂಬ ಮೌನ ವ್ಯಥೆ ಅವರಲ್ಲಿ ಸದಾ ಇತ್ತು. ನಾವಿಬ್ಬರೂ ಸೇರಿ ಶಿಡ್ಲಘಟ್ಟದ ಬಷೀರ್ ಅವರ ಫೋಟೋ ಸ್ಟುಡಿಯೋದ ಮಹಡಿಯಲ್ಲಿ 'ಗಗನ ಬಳಗ' ಎಂಬ ಸಂಘ ಕಟ್ಟಿದ್ದೆವು. ಆರೇಳು ಜನ ನಡುವಯಸ್ಸಿನ ಗಂಡಸರು ಭಾನುವಾರ ಸೇರಿ, ಬಷೀರ್ ಅವರ ಪ್ರೊಜೆಕ್ಟರಿನಲ್ಲಿ ಚಿತ್ರ ನೋಡಿ, ಬೋಂಡಾ ತಿಂದು, ಬ್ರಹ್ಮಾಂಡದ ಭವಿಷ್ಯವನ್ನು ನಿರ್ಧರಿಸಿ ಮನೆಗೆ ಹೋಗುತ್ತಿದ್ದೆವು.

ಒಂದು ಸೋಮವಾರ ಬಸ್ಸಿನಲ್ಲಿ ನಾವಿಬ್ಬರೂ ಹಿಂದಿನ ದಿನ ನೋಡಿದ ಚಿತ್ರದ ಬಗ್ಗೆ ವಾದಿಸುತ್ತಿದ್ದೆವು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಮುನಿರತ್ನಮ್ಮ ಅಲ್ಲೇ ನಿಂತುಬಿಟ್ಟರು. ನಲವತ್ತರ ಆಸುಪಾಸಿನ, ಎಣ್ಣೆಗಪ್ಪು ಬಣ್ಣದ, ಗಟ್ಟಿ ದನಿಯ ಹೆಂಗಸು.

"ಸಾರ್, ಒಂದು ಡೌಟು. ಆ ಹಡಗಲ್ಲಿ ಗ್ರಾವಿಟಿ ಇಲ್ಲ ಅಂತ ಗಂಡಸ್ರೆಲ್ಲ ತೇಲಾಡ್ತಾ ಇದ್ರಲ್ಲ, ಆಯಮ್ಮನ ಕೂದಲು ಮಾತ್ರ ಹೆಂಗೆ ಬೆನ್ನ ಮೇಲೆ ನೀಟಾಗಿ ಕೂತಿತ್ತು?"

ಹದಿನಾರು ಸಲ ಆ ಚಿತ್ರ ನೋಡಿದ್ದ ನಾವಿಬ್ಬರೂ ಆ ಕೂದಲನ್ನು ಗಮನಿಸಿಯೇ ಇರಲಿಲ್ಲ. ಚಿತ್ರವನ್ನು ಅವರೂ ನೋಡಿದ್ದರು. ಅದನ್ನು ಮಾತ್ರವಲ್ಲ, ಟೀವಿಯಲ್ಲಿ ತೆಲುಗಿನಲ್ಲಿ ಬಂದದ್ದನ್ನೆಲ್ಲ ನೋಡಿದ್ದರು. "ಕಪ್ಪಗಿರೋನು ಅರ್ಧ ಪಿಕ್ಚರ್ ಒಳಗೆ ಸಾಯ್ತಾನೆ ಸಾರ್. ಅವನು ಸತ್ತ ಅಂದ್ರೆ ಇಂಟರ್‌ವಲ್ ಬಂತು ಅಂತ ನಾನು ಎದ್ದು ಟೀಗೆ ಇಡ್ತೀನಿ" ಎಂದು ನಕ್ಕು ಅವರು ಮುಂದಿನ ಸೀಟಿಗೆ ಹೋದರು. ಮುಂದಿನ ಭಾನುವಾರವೇ ಅವರು ಬಳಗದ ಮೊದಲ ಮಹಿಳಾ ಸದಸ್ಯೆಯಾದರು.

ಅದೇ ದಿನಗಳಲ್ಲಿ ಬಂದ ಹೊಸ ಚಿತ್ರವೊಂದರಲ್ಲಿ ಕಪ್ಪು ಮೈಬಣ್ಣದ ಹೆಂಗಸೊಬ್ಬಳು ಕ್ಯಾಪ್ಟನ್ ಆಗಿದ್ದಳು. ಶೇಷಗಿರಿಯವರು ಬಳಗದ ಫೋನ್ ಗುಂಪಿನಲ್ಲಿ ನಾಲ್ಕು ಉದ್ದುದ್ದ ಸಂದೇಶಗಳನ್ನು ಬರೆದು, ಇದು ಪರಂಪರೆಗೆ ಬಗೆದ ಅಪಚಾರವೆಂದು ಘೋಷಿಸಿದರು. ಇನ್ನೂ ನಡೆಯದ ಭವಿಷ್ಯಕ್ಕೆ ಪರಂಪರೆ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ನಾನಂತೂ ಹೆಬ್ಬೆರಳಿನ ಚಿಹ್ನೆ ಒತ್ತಿ, ಎರಡೂ ಕಡೆಗೆ ಅನ್ವಯಿಸುವಂಥ ಒಂದು ಹೇಡಿತನವನ್ನು ಪ್ರದರ್ಶಿಸಿದೆ.

ಹೀಗಿರುವಾಗ ಗೌರಿಬಿದನೂರಿನಲ್ಲಿ ನಡೆಯಲಿದ್ದ ಶಾಲಾಮಕ್ಕಳ ವಿಜ್ಞಾನ ಮೇಳಕ್ಕೆ ನಮ್ಮ ಬಳಗದಿಂದ ಒಂದು ನಾಟಕ ಆಡಿಸುವ ಅವಕಾಶ ಬಂತು. ಬರೆಯುವ ಭಾರ ನನ್ನದಾಯಿತು. ಹದಿನೈದು ದಿನ ತಪಸ್ಸು ಮಾಡಿ ಬರೆದು, ಮನೆಯಲ್ಲಿ ವಿಜಯಳಿಗೆ ಓದಲು ಕೊಟ್ಟೆ. ನನ್ನ ಹೆಂಡತಿ ವಿಜಯ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ನಾಟಕದಲ್ಲಿ ನೌಕೆಯ ವೈದ್ಯೆಯ ಪಾತ್ರವನ್ನು ಅವಳಿಗೆಂದೇ ಬರೆದಿದ್ದೆ. ಅವಳು ಪೆನ್ಸಿಲ್ ಹಿಡಿದು ಓದಿದಳು.

"ರೀ, ಈ ಡಾಕ್ಟ್ರಮ್ಮ ಎಲ್ಲಿ ಓದಿದ್ದು?"

"ಯಾಕೆ?"

"ಒಟ್ಟು ಒಂಬತ್ತು ಮಾತು ಇವಳಿಗೆ. ಏಳು ಸಲ 'ಈಗ ಏನು ಮಾಡೋಣ ಕ್ಯಾಪ್ಟನ್?' ಅಂತಾಳೆ. ಎರಡು ಸಲ ಕಿರುಚ್ತಾಳೆ. ನಮ್ಮ ವಾರ್ಡಲ್ಲಿ ಹಿಂಗೆ ಮಾಡಿದ್ರೆ ಪೇಷೆಂಟೇ ಎದ್ದು ಬಂದು ಸಮಾಧಾನ ಮಾಡ್ತಾರೆ."

ನಾಟಕದ ರಚನಾತಂತ್ರದ ಬಗ್ಗೆ ನಾನು ಏನೋ ಹೇಳಲು ಹೋದೆ. ಅವಳು ಹಸ್ತಪ್ರತಿಯನ್ನು ನನ್ನ ಮಡಿಲಿಗೆ ಹಾಕಿ ಒಗೆದ ಬಟ್ಟೆ ಹರವಲು ಹೋದಳು. ಆ ಪೆನ್ಸಿಲ್ ಗುರುತುಗಳನ್ನು ನೋಡಿಯೂ ನಾನು ಒಂದಕ್ಷರ ತಿದ್ದಲಿಲ್ಲ. ಲೇಖಕನ ಸ್ವಾಭಿಮಾನ ಎಂಬುದು ಗುರುತ್ವಾಕರ್ಷಣೆಯಿಲ್ಲದ ಜಾಗದಲ್ಲೂ ತೂಕ ಕಳೆದುಕೊಳ್ಳದ ಏಕೈಕ ವಸ್ತು.

ಭಾನುವಾರ ಪಾತ್ರ ಹಂಚಿಕೆಯಾಯಿತು. ಕ್ಯಾಪ್ಟನ್ ಶೇಷಗಿರಿ ಎಂಬುದು ಚರ್ಚೆಯ ವಿಷಯವೇ ಆಗಿರಲಿಲ್ಲ. ಉಳಿದದ್ದು ಕೊನೆಯ ದೃಶ್ಯದಲ್ಲಿ ಬಂದು, "ಗ್ರೂಂ" ಎಂದು ಮೂರು ಸಲ ಗರ್ಜಿಸಿ, ಕ್ಯಾಪ್ಟನ್ನನ ಗುಂಡಿಗೆ ಬಲಿಯಾಗುವ ಅನ್ಯಗ್ರಹದ ಜೀವಿ. ಅದಕ್ಕೆ ಮುನಿರತ್ನಮ್ಮ ಎಂದು ನಾನು ಬರೆದೇ ಇಟ್ಟಿದ್ದೆ. ಯಾಕೆಂದು ನನ್ನನ್ನು ನಾನು ಕೇಳಿಕೊಂಡಿರಲಿಲ್ಲ. ಉತ್ತರವನ್ನು ಶೇಷಗಿರಿಯವರು ಮೆಚ್ಚುಗೆಯ ದನಿಯಲ್ಲೇ ಹೇಳಿಬಿಟ್ಟರು:

"ಒಳ್ಳೇ ಆಯ್ಕೆ! ಅವರಿಗಾದ್ರೆ ಜಾಸ್ತಿ ಮೇಕಪ್ಪೂ ಬೇಕಾಗಲ್ಲ."

ಬಷೀರ್ ತಲೆ ತಗ್ಗಿಸಿದರು. ಮುನಿರತ್ನಮ್ಮ ತಮ್ಮ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, "ಬರ್ತೀನಿ ಸಾರ್, ಮನೇಲಿ ಕೆಲ್ಸ ಐತೆ" ಎಂದು ಮೆಟ್ಟಿಲಿಳಿದು ಹೋದರು. ನಾನು ಕಾಗದಗಳನ್ನು ಜೋಡಿಸುವುದರಲ್ಲಿ ಮಗ್ನನಾದವನಂತೆ ನಟಿಸಿದೆ. ನಾಟಕದ ಇಡೀ ತಯಾರಿಯಲ್ಲಿ ನಾನು ಮಾಡಿದ ಅತ್ಯುತ್ತಮ ಅಭಿನಯ ಅದು.

ಮುಂದಿನ ವಾರ ಪೂರ್ತಿ ಬಸ್ಸಿನಲ್ಲಿ ಅವರು ನನ್ನೊಡನೆ ಮಾತಾಡಲಿಲ್ಲ. ಟಿಕೆಟ್ ಹರಿದು ಕೊಟ್ಟು ಮುಂದೆ ಹೋಗುತ್ತಿದ್ದರು. ದಿನವೂ ನೋಡಲೇಬೇಕಾದವರ ಮೌನ ಎಷ್ಟು ಭಾರವೆಂದು ಚಿಂತಾಮಣಿಯಿಂದ ಚಿಕ್ಕಬಳ್ಳಾಪುರದವರೆಗೆ ಹೊತ್ತವನಿಗೇ ಗೊತ್ತು. ಶನಿವಾರ ಶೇಷಗಿರಿಯವರಿಗೆ ರಜೆ. ಬಸ್ಸು ಖಾಲಿಯಿತ್ತು. ಎದ್ದು ಹೋಗಿ ಕಂಡಕ್ಟರ್ ಸೀಟಿನ ಬಳಿ ನಿಂತೆ.

"ಮುನಿರತ್ನಮ್ಮ, ಅವತ್ತು ನಾನು ಸುಮ್ಮನಿದ್ದದ್ದು ತಪ್ಪು. ಆ ಪಾತ್ರಕ್ಕೆ ನಿಮ್ಮ ಹೆಸರು ಬರೆದದ್ದೂ ತಪ್ಪು."

ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಸ್ಕೂಲಲ್ಲಿ ಏಳು ವರ್ಷ ನಾಟಕ ಆಡಿದೀನಿ ಸಾರ್. ಏಳು ವರ್ಷಾನೂ ರಾಕ್ಷಸಿ. ರಾಕ್ಷಸಿ ಆಗಕ್ಕೆ ನಂಗೇನು ಬೇಜಾರಿಲ್ಲ, ಚೆನ್ನಾಗೇ ಮಾಡ್ತೀನಿ. ಆದ್ರೆ ನಿಂಗೇನು ಬೇಕಮ್ಮ ಅಂತ ಒಬ್ರೂ ಕೇಳಲಿಲ್ಲ. ನೀವೂ ಕೇಳಲಿಲ್ಲ."

"ಈಗ ಕೇಳ್ತೀನಿ. ಏನು ಬೇಕು?"

ಅವರು ಮೊದಲ ಬಾರಿಗೆ ನನ್ನ ಮುಖ ನೋಡಿದರು. "ಕ್ಯಾಪ್ಟನ್" ಎಂದರು.

ನಾನು ಬಳಗಕ್ಕೆ ಸಂದೇಶ ಕಳಿಸಿದೆ: ನೌಕೆಗೆ ಕ್ಯಾಪ್ಟನ್ ಬೇಕಾಗಿದ್ದಾರೆ, ಭಾನುವಾರ ಪರೀಕ್ಷೆ. ಶೇಷಗಿರಿಯವರು ಕೂಡಲೇ ಫೋನ್ ಮಾಡಿದರು. "ಏನ್ರೀ ಇದು? ಸ್ಪೇಸ್‌ಶಿಪ್ಪಿಗೆ ಲೇಡೀಸ್ ಕ್ಯಾಪ್ಟನ್ ಅಂದ್ರೆ ಜನ ನಂಬ್ತಾರಾ?" ಸ್ಪೀಕರಿನಲ್ಲಿ ಕೇಳಿಸಿಕೊಂಡ ವಿಜಯ ಅಡುಗೆಮನೆಯಿಂದಲೇ ಉತ್ತರಿಸಿದಳು: "ಆರು ಕಣ್ಣಿನ ಪ್ರಾಣೀನ ನಂಬ್ತೀರ, ಹೆಂಗಸನ್ನ ನಂಬಲ್ವಾ ಶೇಷಗಿರಿಯವರೇ?" ಫೋನು ಕಟ್ಟಾಯಿತು.

ಪರೀಕ್ಷೆಯ ಸನ್ನಿವೇಶ ಸರಳವಾಗಿತ್ತು. ನೌಕೆಯ ಮುಂಭಾಗ ಬಿರುಕು ಬಿಟ್ಟು ಗಾಳಿ ಸೋರುತ್ತಿದೆ. ಪ್ರಯಾಣಿಕರನ್ನು ಹಿಂದಿನ ಕೊಠಡಿಗೆ ಸಾಗಿಸಬೇಕು. ನಾವೆಲ್ಲ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪ್ರಯಾಣಿಕರಾಗಿ ಕೂತೆವು. ಶೇಷಗಿರಿಯವರು ಎದೆಯುಬ್ಬಿಸಿ, "ಭೂಮಾತೆಯ ವೀರಪುತ್ರರೇ!" ಎಂದು ಆರಂಭಿಸಿದರು. ಧೈರ್ಯ, ತ್ಯಾಗ, ಮಾನವಕುಲದ ಹಣೆಬರಹ ಎಲ್ಲವೂ ಬಂದವು. ನನ್ನ ವೈಜ್ಞಾನಿಕ ಅಂದಾಜಿನ ಪ್ರಕಾರ ಎರಡನೆಯ ವಾಕ್ಯದ ಹೊತ್ತಿಗೆ ನಾವೆಲ್ಲ ಉಸಿರುಗಟ್ಟಿ ಸತ್ತಿದ್ದೆವು.

ಮುನಿರತ್ನಮ್ಮ ಎದ್ದು ನಿಂತರು. ಒಮ್ಮೆ ಸೀಟಿ ಊದಿದರು.

"ಗಲಾಟೆ ಮಾಡಬೇಡಿ! ಮಕ್ಕಳಿರೋರು ಮೊದ್ಲು, ವಯಸ್ಸಾದೋರು ಆಮೇಲೆ, ಲಗೇಜ್ ಅಲ್ಲೇ ಬಿಡಿ. ಏನ್ ಸಾರ್, ನಿಮಗೆ ಬೇರೆ ಹೇಳ್ಬೇಕಾ? ಹಿಂದಕ್ಕೆ ಹೋಗಿ, ಹಿಂದಕ್ಕೆ! ಅಲ್ಲಿ ಜಾಗ ಐತೆ!"

ನನಗೆ ಪ್ರಜ್ಞೆ ಮರಳಿದಾಗ ನಾವೆಲ್ಲರೂ ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಬಷೀರ್ ತಮ್ಮದೇ ಸ್ಟುಡಿಯೋದಲ್ಲಿ ಜಾಗ ಸಿಕ್ಕಿದ್ದಕ್ಕೆ ಸಮಾಧಾನಪಡುತ್ತಿದ್ದರು. ಎಲ್ಲರಿಗಿಂತ ಮೊದಲು ಗೋಡೆ ಸೇರಿದ್ದವರು ಶೇಷಗಿರಿ. ಓಟು ಹಾಕುವ ಅಗತ್ಯವೇ ಬರಲಿಲ್ಲ.

ಶೇಷಗಿರಿಯವರು ಮೂರು ದಿನ ಮುನಿಸಿಕೊಂಡರು. ನಾಲ್ಕನೆಯ ದಿನ ಬಸ್ಸಿನಲ್ಲಿ ಬಿಗಿದ ಮುಖದಿಂದ, "ಆ ಏಲಿಯನ್ ಪಾತ್ರಾನ ಯಾರಾದ್ರೂ ಕೆಡಿಸ್ತಾರೆ. ನಾನೇ ಮಾಡ್ತೀನಿ" ಎಂದರು. ನಿಜವಾದ ಅಭಿಮಾನಿಯ ಲಕ್ಷಣವಿದು: ಅವಮಾನವನ್ನಾದರೂ ಸಹಿಸಿಯಾನು, ಕೆಟ್ಟ ಏಲಿಯನ್ನನ್ನು ಸಹಿಸಲಾರ.

ತಾಲೀಮಿನಲ್ಲಿ ಹೊಸ ತೊಡಕು ಬಂತು. ಕ್ಯಾಪ್ಟನ್ ಗುಂಡು ಹಾರಿಸಲು ಒಪ್ಪಲಿಲ್ಲ. "ಟಿಕೆಟ್ ಇಲ್ದೋರನ್ನ ಇಳಿಸ್ತೀನಿ ಸಾರ್, ಗುಂಡು ಹೊಡೆಯಲ್ಲ. ಅವನ್ಯಾಕೆ ಬಂದ ಅಂತ ಮೊದ್ಲು ಕೇಳಣ." ನಾನು ಕೊನೆಯ ದೃಶ್ಯವನ್ನು ಹೊಸದಾಗಿ ಬರೆದೆ. ಅಷ್ಟರಲ್ಲಿ ವಿಜಯ ತನ್ನ ಮಾತುಗಳನ್ನು ತಾನೇ ಬರೆದುಕೊಂಡಿದ್ದಳು. ಅದರಲ್ಲಿ ಕ್ಯಾಪ್ಟನ್ನಿಗೆ ರಕ್ತದೊತ್ತಡ ಪರೀಕ್ಷಿಸಿಕೊಳ್ಳಲು ಗದರಿಸುವ ಭಾಗ ಅತ್ಯಂತ ಸಹಜವಾಗಿ ಮೂಡಿಬಂದಿತ್ತು.

ಗೌರಿಬಿದನೂರಿನ ಸಭಾಂಗಣ ನಗರಗೆರೆ, ಅಲೀಪುರ ಮುಂತಾದ ಕಡೆಯ ಶಾಲಾಮಕ್ಕಳಿಂದ ತುಂಬಿತ್ತು. ಆಪಾದಮಸ್ತಕ ಹಸಿರಾಗಿ ಶೇಷಗಿರಿ ಪ್ರವೇಶಿಸಿ "ಗ್ರೂಂ" ಎಂದಾಗ ಮಕ್ಕಳು ಕಿರುಚಿದರು. ಕ್ಯಾಪ್ಟನ್ ಸೊಂಟದ ಮೇಲೆ ಕೈಯಿಟ್ಟು, "ಎಲ್ಲಿಂದ ಬಂದ್ರಿ? ಎಲ್ಲಿಗೆ ಹೋಗ್ಬೇಕು?" ಎಂದರು. "ನಮ್ಮ ಗ್ರಹದಲ್ಲಿ ನೀರು ಬತ್ತೋಗಿದೆ" ಎಂದು ಆ ಗಂಭೀರ ಕಂಠ ಸಣ್ಣದಾಗಿ ಉತ್ತರಿಸಿದಾಗ, ಮುಂದಿನ ಸಾಲಿನ ಮಕ್ಕಳು ಕಿರುಚುವುದನ್ನು ಮರೆತು ಮುಂದಕ್ಕೆ ಬಾಗಿದರು. ಕ್ಯಾಪ್ಟನ್ ಪಕ್ಕದ ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಎಂದರು. ಆಮೇಲೆ ಬಂದ ಚಪ್ಪಾಳೆಗೆ ನನ್ನ ಕಣ್ಣು ತೇವವಾಯಿತೆಂದರೆ ಲೇಖಕನ ಅಹಂಕಾರವೆಂದು ನೀವು ಕ್ಷಮಿಸಬೇಕು. ಆ ಸಾಲುಗಳಲ್ಲಿ ನನ್ನದು ಬಹಳ ಕಡಿಮೆ ಇತ್ತು.

ನಾಟಕ ಮುಗಿದ ಮೇಲೆ ಅಲೀಪುರದ ಶಾಲೆಯ ಹುಡುಗಿಯೊಬ್ಬಳು ಮುನಿರತ್ನಮ್ಮನ ಹತ್ತಿರ ಬಂದು, ತಲೆಯ ಸ್ಕಾರ್ಫನ್ನು ಮುಟ್ಟಿಕೊಳ್ಳುತ್ತ ಮೆಲ್ಲಗೆ ಕೇಳಿದಳು: "ಅಕ್ಕಾ, ಇದರ ಮೇಲೆ ಹೆಲ್ಮೆಟ್ ಕೂರುತ್ತಾ?" ನೀರಿನ ಕ್ಯಾನು ಕತ್ತರಿಸಿ ನಾನು ಮಾಡಿದ್ದ ಶಿರಸ್ತ್ರಾಣವನ್ನು ಮುನಿರತ್ನಮ್ಮ ತಮ್ಮ ತಲೆಯಿಂದ ತೆಗೆದು ಅವಳಿಗೆ ತೊಡಿಸಿ, ಅತ್ತಿತ್ತ ತಿರುಗಿಸಿ ನೋಡಿ, "ಸರಿಯಾಗಿ ಕೂತೈತೆ ನೋಡಮ್ಮ" ಎಂದರು. ಅವಳ ಹಿಂದೆ ಕ್ಷಣಮಾತ್ರದಲ್ಲಿ ಹುಡುಗಿಯರ ಒಂದು ಸಾಲು ಬೆಳೆಯಿತು.

ಇತ್ತ ಶೇಷಗಿರಿಯವರು ನಲ್ಲಿಯ ಕೆಳಗೆ ಮುಖ ಉಜ್ಜುತ್ತಿದ್ದರು. ಸಿಹಿತಿಂಡಿಗೆ ಹಾಕುವ ಹಸಿರು ಬಣ್ಣವನ್ನು ಗ್ಲಿಸರಿನ್‌ನಲ್ಲಿ ಕದಡಿ ಆ ಲೇಪವನ್ನು ತಯಾರಿಸಿದವನು ನಾನು. ಅದು ಹೋಗಲಿಲ್ಲ. ಸೋಮವಾರ ಬೆಳಿಗ್ಗೆಯೂ ಅವರ ಮುಖ ಎಳೆ ಹುರುಳಿಕಾಯಿಯ ಬಣ್ಣದಲ್ಲೇ ಇತ್ತು. ಬಸ್ಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ನಮ್ಮ ಮೂವರ ಸೀಟಿನಲ್ಲಿ ಅವರ ಆಚೆ ಪಕ್ಕದ ಜಾಗ ಖಾಲಿಯಿದ್ದರೂ ಒಬ್ಬರು ನಿಂತೇ ಪ್ರಯಾಣಿಸಿದರು. ಮುಂದಿನ ಸೀಟಿನಲ್ಲಿ ತಾಯಿಯ ಹೆಗಲ ಮೇಲಿಂದ ಇಣುಕುತ್ತಿದ್ದ ಪುಟ್ಟ ಹುಡುಗಿಯೊಂದು ಬಹಳ ಹೊತ್ತು ದಿಟ್ಟಿಸಿ, ಕೊನೆಗೆ ಕೈ ಚಾಚಿ ಅವರ ಕೆನ್ನೆ ಮುಟ್ಟಿತು.

"ಅಂಕಲ್, ನೋಯುತ್ತಾ?"

ಯಾವ ವಿಷಯಕ್ಕೂ ನಾಲ್ಕು ಸಂದೇಶಗಳಷ್ಟು ಉತ್ತರ ಸಿದ್ಧವಿರುತ್ತಿದ್ದ ಶೇಷಗಿರಿಯವರು ಆ ಪುಟ್ಟ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. ಟಿಕೆಟ್ ಕೊಡಲು ಬಂದ ಮುನಿರತ್ನಮ್ಮ ಪಕ್ಕದಲ್ಲೇ ನಿಂತಿದ್ದರು.

"ಸ್ವಲ್ಪ ನೋಯುತ್ತಮ್ಮ" ಎಂದರು ಶೇಷಗಿರಿ. ಆಮೇಲೆ ತಲೆಯೆತ್ತದೆ, "ಅವತ್ತು ಮೇಕಪ್ಪಿನ ಮಾತು ಅಂದಿದ್ದೆ... ಅನ್ನಬಾರದಾಗಿತ್ತು ಮುನಿರತ್ನಮ್ಮ" ಎಂದರು.

ಮುನಿರತ್ನಮ್ಮ ಶೇಷಗಿರಿಯವರ ಹಸಿರು ಮುಖವನ್ನು ನೋಡಿದರು. ತುಟಿ ಬಿಗಿಹಿಡಿದರೂ ನಗು ಸೋರಿಯೇ ಹೋಯಿತು.

"ಕೊಬ್ಬರಿ ಎಣ್ಣೆ ಹಚ್ಚಿ ಸಾರ್, ಎರಡು ದಿನಕ್ಕೆ ಹೋಗುತ್ತೆ ನಿಮ್ದು" ಎಂದರು. "ನಂದು ಹೋಗಲ್ಲ. ಹೋಗೋದೂ ಬೇಡ ಬಿಡಿ, ನಂಗೆ ಒಪ್ಪುತ್ತೆ."