ಹಿರಿಯರ ಸಹಿ

ಕರೂರಿನ ಕೆಲಸ ಮುಗಿಸಿ ಸಿರುಗುಪ್ಪದ ಬಸ್ಸಿನಲ್ಲಿ ಕೂತಿದ್ದೆ. ತೊಡೆಯ ಮೇಲೆ ಎರಡು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳ ಎಂಬಿಎ ಅರ್ಜಿಗಳಿದ್ದವು. ಒಂದು ಮನೆಗೆ ಹತ್ತಿರ, ಇನ್ನೊಂದಕ್ಕೆ ಹೆಸರು ಹೆಚ್ಚು. ನನಗೆ ಬೇಕಿದ್ದದ್ದು ಹೆಸರಿನದೇ. ಆದರೆ ಅದರಲ್ಲಿ ‘ತಂದೆ ಅಥವಾ ಪತಿಯ ಸಹಿ’ ಎಂಬ ಗೆರೆಯಿತ್ತು. ಅಲ್ಲಿಯ ಕಚೇರಿಗೆ ಫೋನ್ ಹಚ್ಚಿದೆ.

“ನನಗ ನಲವತ್ನಾಕು ವರ್ಷ ರೀ. ನನ್ನ ಸಹಿ ಸಾಲದೇನು?”

“ಯಾರಾದ್ರೂ ಹಿರಿಯರದ್ದು ಬೇಕೇ ಬೇಕು ಮೇಡಂ,” ಎಂದರು ಗುಮಾಸ್ತರು.

ಭತ್ತದ ನಾಟಿ ಮುಗಿಸಿ ಬಂದು ಪಕ್ಕದಲ್ಲಿ ಕೂತಿದ್ದ ಅಜ್ಜಿ ಎಲ್ಲ ಕೇಳಿಸಿಕೊಂಡಿದ್ದಳು. ನನ್ನ ತೊಡೆಯ ಮೇಲಿದ್ದ ಎರಡನೆಯ ಅರ್ಜಿಯತ್ತ ಬೆರಳು ಮಾಡಿದಳು.

“ಆ ಇನ್ನೊಂದ್ರಾಗ ಸಹಿ ಕೇಳ್ಯಾರೇನವ್ವ?”

“ಇಲ್ಲಬೇ.”

“ಮತ್ತ ಅಲ್ಲೇ ಓದು. ಇಲ್ಲಾ, ಗಂಡನ ಕಡೆ ಹಾಕಿಸು.”

“ಎರಡೂ ಮಾಡಂಗಿಲ್ಲ.”

ಅಜ್ಜಿ ನಕ್ಕಳು. “ಹಿರೇರು ಅಂದ್ರಲ್ಲ? ನಾ ನಿನಗಿಂತ ಹಿರೇಕಿ ಅದೀನಿ. ತಾ ಇಲ್ಲಿ. ಸಂಘದಾಗ ಸಹಿ ಕಲ್ತೀನಿ.”

ಬಸ್ಸು ನಿಂತ ಮೇಲೆ ಗೆರೆಯ ಉದ್ದಕ್ಕೂ ‘ಹುಲಿಗೆಮ್ಮ’ ಎಂದು ಬರೆದುಕೊಟ್ಟಳು. ಮುಂದಿನ ‘ಸಂಬಂಧ’ ಎಂಬಲ್ಲಿ ನಾನು ‘ಬಸ್ಸಿನಲ್ಲಿ ಪಕ್ಕದವರು’ ಎಂದು ತುಂಬಿ ಕಳಿಸಿದೆ.

ಪ್ರವೇಶ ಸಿಕ್ಕಿತು. ಅಷ್ಟು ಹಟ ಹಿಡಿದು ಕೇಳಿದ ಸಹಿಯನ್ನು ಅಲ್ಲಿ ಯಾರೂ ಓದಿದಂತಿಲ್ಲ.