ಹೆಸರಿಲ್ಲದ ಉಬ್ಬು

ನಮ್ಮ ಮೇಡಂ ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಚಿಕ್ಕಂದಿನಲ್ಲಿ ಖಾನಾಪುರದ ಹಂಚಿನ ಭಟ್ಟಿಯಲ್ಲಿ ಸುಟ್ಟಿತ್ತು ಅಂದಿದ್ದರು. ಇನ್ನೊಮ್ಮೆ ಕುಡುಗೋಲು ತಗುಲಿತ್ತು ಅಂದದ್ದೂ ನೆನಪಿದೆ. ಎರಡರಲ್ಲಿ ಒಂದನ್ನು ಆರಿಸಿ ಈ ಚಿತ್ರವನ್ನು ನಾನು ನಯಗೊಳಿಸುವುದಿಲ್ಲ.

ಬೆಳಗಾವಿಯ ನಮ್ಮ ಎಂ.ಎಸ್ಸಿ. ತರಗತಿಗೆ ಅವರು ಅತಿಥಿ ಉಪನ್ಯಾಸಕಿ. ದಿನಾ ಖಾನಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನನ್ನ ಪ್ರಾಜೆಕ್ಟು ಒಂದು ನಕ್ಷತ್ರದ ಎಕ್ಸ್‌-ರೇ ರೋಹಿತ, ಅಂದರೆ ಅದರ ಬೆಳಕನ್ನು ಶಕ್ತಿಯ ಪ್ರಕಾರ ಬಿಡಿಸಿ ಅಳೆದ ಚುಕ್ಕೆಗಳ ನಕ್ಷೆ. ಬೆಳಕು ಯಾವ ಯಾವ ಮೂಲಗಳಿಂದ ಬಂದಿರಬಹುದೆಂದು ಕಂಪ್ಯೂಟರ್ ಭಾಷೆ ಪೈಥಾನ್‌ನಲ್ಲಿ ಮಾದರಿ ಬರೆದು, ಅದರ ಗೆರೆ ಅಳೆದ ಚುಕ್ಕೆಗಳಿಗೆ ಹೊಂದುತ್ತದೆಯೇ ನೋಡಬೇಕು. ಮೇಡಂ ಒಂದು ಕಟ್ಟಳೆ ಮಾಡಿದ್ದರು. ಮಾದರಿಗೆ ಏನನ್ನೇ ಹಾಕಲಿ, ಕೋಡು ಓಡಿಸುವ ಮೊದಲು ಅದೇನೆಂದು ಬಾಯಿಬಿಟ್ಟು ಕನ್ನಡದಲ್ಲಿ ಹೇಳಬೇಕು. ‘ಬಿಸಿ ಅನಿಲ.’ ಕೂಡಿಸು. ‘ಕಬ್ಬಿಣದ ಹೊಳಪು.’ ಕೂಡಿಸು. ‘ದಾರಿಯಲ್ಲಿ ಧೂಳು ನುಂಗಿದ್ದು.’ ಎಲ್ಲವನ್ನೂ ಅದರಿಂದ ಗುಣಿಸು.

ಒಂದು ಕಡೆ ಚುಕ್ಕೆಗಳು ಉಬ್ಬಿ ಗೆರೆಗಿಂತ ಮೇಲಕ್ಕೇ ಉಳಿದವು. ವರದಿ ಕೊಡಲು ಒಂದೇ ದಿನವಿತ್ತು. ಬಾಯಿಬಿಡದೆ ಇನ್ನೊಂದು ಉಬ್ಬನ್ನು ಕೋಡಿಗೆ ಸೇರಿಸಿದೆ. ಗೆರೆ ನುಣ್ಣಗೆ ಕೂತಿತು.

“ಇದೇನವಾ?” ಮೇಡಂ ಕೇಳಿದರು.

“ಗೊತ್ತಿಲ್ರಿ ಮೇಡಂ. ಆದ್ರ ಹೊಂದೇತಲ್ರಿ.”

“ಸೀಳಿದ ಹಂಚಿಗೆ ಹಸೀ ಮಣ್ಣ ಮೆತ್ತಿ ಮಾರಿದಂಗಾತು. ತಗಿ ಅದನ್ನ. ಹೊಂದವಲ್ದು ಅಂತ ಬರಿ.”

ವಿಭಾಗದ ಮುಖ್ಯಸ್ಥರು ಬಂದರು. “ಒಂದ್ ಉಬ್ಬಿನ ಸಲುವಾಗಿ ಹುಡುಗಿ ವರ್ಷ ಹಾಳ ಮಾಡ್ತೀರೇನ್ರಿ? ಇದ್ದಂಗ ಸಹಿ ಮಾಡ್ರಿ. ಮುಂದಿನ ವರ್ಷ ನಿಮ್ಮನ್ನೂ ನಾವು ಕರೀಬೇಕಲ್ಲ.”

“ಕರೀಬ್ಯಾಡ್ರಿ,” ಅಂದರು ಮೇಡಂ. “ಏನಂತ ಗೊತ್ತಿಲ್ಲದ್ದಕ್ಕ ನಾ ಸಹಿ ಹಾಕಂಗಿಲ್ಲ.”

ನಾನು ಆ ಉಬ್ಬನ್ನು ಅಳಿಸಿದೆ. ಧೈರ್ಯದಿಂದಲ್ಲ, ಅವರು ಪಕ್ಕದಲ್ಲೇ ಕೂತಿದ್ದರು, ಅದಕ್ಕೆ. ಹೊಂದದ ಗೆರೆಗೆ ಅಂಕ ಕಡಿಮೆ ಬಂತು, ಹೇಗೋ ಪಾಸಾದೆ. ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಖಾನಾಪುರಕ್ಕೆ ಹೋಗಿ ಅಳುಮೋರೆ ಹಾಕಿಕೊಂಡು ಅವರ ಬಾಗಿಲಲ್ಲಿ ನಿಂತೆ.

“ಆ ಉಬ್ಬು ಏನಂತ ತಿಳೀತೇನು?”

ಇಲ್ಲ ಅಂದೆ.

“ಮತ್ತ ಇಲ್ಯಾಕ ಬಂದಿ? ಚಾ ಕುಡಿ, ಹೋಗಿ ಹುಡುಕು.”

ಹುಡುಕುತ್ತಿದ್ದೇನೆ. ಅದೇ ನನ್ನ ಕೆಲಸವಾಗಿದೆ, ನನ್ನ ಅನ್ನವೂ.

ಈ ವರ್ಷ ಮೇಡಂ ತೀರಿಕೊಂಡರು. ವಿಭಾಗದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಅದೇ ಮುಖ್ಯಸ್ಥರು ಫೋಟೋಗೆ ಹಾರ ಹಾಕಿ, ಮೈಕಿನಲ್ಲಿ, “ಮೇಡಂ ಅವರು ಸ್ವಂತ ಇಚ್ಛೆಯಿಂದ ನಮ್ಮ ವಿಭಾಗವನ್ನು ಬಿಟ್ಟರು, ಆದರೂ ನಮಗೆಲ್ಲ ಬೇಕಾದವರಾಗಿದ್ದರು” ಅಂದರು. ಎಲ್ಲರೂ ತಲೆಯಾಡಿಸಿದರು. ನಾನು ಎದ್ದು ನಿಂತೆ.

“ಬಿಡಲಿಲ್ರಿ ಸರ್. ನೀವು ಕರೀಲಿಲ್ಲ.”